ಪಪರೆ ಬ್ಯಾಂಡ್ ಕಟ್ಟುವ ಬಗೆ: ಕ್ರಿಕೆಟ್ ಗ್ಯಾಲರಿಗೆ ಹನ್ನೆರಡು ಜನರ ವಾದ್ಯಮೇಳ

ಶ್ರೀಲಂಕಾದಲ್ಲಿ ನಡೆಯುವ ಪಂದ್ಯಗಳನ್ನು ಟಿವಿಯಲ್ಲಿ ನೋಡುವಾಗ ವೀಕ್ಷಕ ವಿವರಣೆಯ ಹಿಂದೆ ಟ್ರಂಪೆಟ್ಟು, ಡ್ರಮ್ಮಿನ ಸದ್ದು ಕೇಳುತ್ತಲೇ ಇರುತ್ತದಲ್ಲ, ಅದೇ ಪಪರೆ. ದೂರದಿಂದ ಬರೀ ಗದ್ದಲದಂತೆ ಕೇಳಿಸಿದರೂ ಒಳಗೆ ಬಿಗಿಯಾದ ಲೆಕ್ಕವಿದೆ. ಆರು ಮಾತ್ರೆಯ ತಾಳ, ಯಾರಿಗಾದರೂ ಎರಡನೇ ಸಲಕ್ಕೆ ಬಾಯಿಗೆ ಬರುವ ಪುಟ್ಟ ಧಾಟಿ, ನಡುವೆ ಜನ ಕೂಗುವುದಕ್ಕೆಂದೇ ಬಿಟ್ಟ ಜಾಗ. ಈ ಮೂರರಲ್ಲಿ ಹೊಸ ತಂಡಗಳು ಮರೆಯುವುದು ಮೂರನೆಯದನ್ನು. ಇಡೀ ಹೊತ್ತು ಊದುತ್ತಲೇ ಇರುತ್ತಾರೆ. ಅರ್ಧ ಗಂಟೆಯಲ್ಲಿ ತುಟಿ ಸೋಲುತ್ತದೆ, ಜನ ಸುಮ್ಮನೆ ಕೇಳುತ್ತ ಕೂರುತ್ತಾರೆ. ಬ್ಯಾಂಡು ಅಲ್ಲಿರುವುದು ಜನರಿಂದ ಹಾಡಿಸುವುದಕ್ಕೆ. ತಂಡದ ಅಳತೆ, ಶ್ರುತಿ, ಧಾಟಿ, ಅಭ್ಯಾಸ ಎಲ್ಲವನ್ನೂ ಇದೊಂದನ್ನು ನೆನಪಿಟ್ಟುಕೊಂಡೇ ತೀರ್ಮಾನಿಸಬೇಕು.

ಈ ಸಂಗೀತದ ಬೇರು ಬೈಲಾ ಎಂಬ ಲಂಕೆಯ ಕುಣಿತದ ಹಾಡಿನಲ್ಲಿದೆ. 1505ರಲ್ಲಿ ಪೋರ್ಚುಗೀಸರು ಲಂಕೆಗೆ ಬಂದರು. ಅವರ ಹಾಡುಗಳೂ ಅಲ್ಲಿ ನೆಲೆಸಿದ ಆಫ್ರಿಕನ್ ಮೂಲದವರ ಲಯವೂ ಬೆರೆತು ಕಫ್ರಿಂಞ ಎಂಬ ಆರು ಮಾತ್ರೆಯ ಕುಣಿತದ ಸಂಗೀತ ಹುಟ್ಟಿತು. 1940ರ ದಶಕದಲ್ಲಿ ಗಾಯಕ ವಾಲಿ ಬಾಸ್ಟಿಯನ್ ಅದೇ ಲಯಕ್ಕೆ ಸಿಂಹಳ ಹಾಡು ಕಟ್ಟಿ ಬೈಲಾವನ್ನು ಮನೆಮಾತು ಮಾಡಿದರು. ಅದು ಮೈದಾನಕ್ಕೆ ಬಂದದ್ದು ಶಾಲಾ ಹುಡುಗರ ಜೊತೆ. ಕೊಲಂಬೊದಲ್ಲಿ 1879ರಲ್ಲಿ ಶುರುವಾದ, ರಾಯಲ್ ಮತ್ತು ಸೇಂಟ್ ಥಾಮಸ್ ಶಾಲೆಗಳ ನಡುವಿನ ರಾಯಲ್–ಥೋಮಿಯನ್ ಪಂದ್ಯ ಇವತ್ತಿಗೂ ಮಾರ್ಚ್ ತಿಂಗಳ ಹಬ್ಬ, ಅಂಥ ಪಂದ್ಯಗಳಲ್ಲಿ ಹಳೆಯ ವಿದ್ಯಾರ್ಥಿಗಳ ಟೆಂಟುಗಳಲ್ಲಿ ಪಪರೆ ಇಲ್ಲದೆ ಆಟವೇ ಇಲ್ಲ. 1996ರ ಮಾರ್ಚ್ 17ರಂದು ಲಾಹೋರಿನಲ್ಲಿ ಲಂಕಾ ತಂಡ ಆಸ್ಟ್ರೇಲಿಯಾವನ್ನು 7 ವಿಕೆಟ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆಮೇಲಿನ ವರ್ಷಗಳಲ್ಲಿ ಲಂಕೆಯ ಆಟ ಟಿವಿಗೆ ಬಂದಾಗಲೆಲ್ಲ ಈ ಸದ್ದೂ ಲೋಕದ ಕಿವಿಗೆ ಬಿದ್ದಿತು.

ತಂಡ

ಹನ್ನೆರಡು ಜನ ಸಾಕು. ಟ್ರಂಪೆಟ್ 4, ಆಲ್ಟೊ ಸ್ಯಾಕ್ಸೊಫೋನ್ 1, ಟೆನರ್ ಸ್ಯಾಕ್ಸೊಫೋನ್ 1, ಟ್ರಾಂಬೋನ್ 2, ಯುಫೋನಿಯಂ (ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ) 1, ಸೈಡ್ ಡ್ರಮ್ 1, ಬಿಗ್ ಡ್ರಮ್ 1, ಸಿಂಬಲ್ 1. ನಮ್ಮ ಊರುಗಳ ಮದುವೆಯ ಬ್ಯಾಂಡ್ ಸೆಟ್‌ನವರ ಬಳಿ ಇವುಗಳಲ್ಲಿ ಹೆಚ್ಚಿನವು ಇದ್ದೇ ಇರುತ್ತವೆ. ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಊದಿ ಪಳಗಿದ ತುಟಿಯೂ ಅವರಿಗಿದೆ. ಕಾಲೇಜಿನ ಹುಡುಗರು ತಂಡ ಕಟ್ಟುವುದಾದರೆ ಅಂಥ ಇಬ್ಬರನ್ನಾದರೂ ಗೌರವಧನ ಕೊಟ್ಟು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಬಯಲಿನಲ್ಲಿ ಊದುವ ವಿದ್ಯೆ ಕೋಣೆಯಲ್ಲಿ ಕೂತು ಬರುವುದಿಲ್ಲ.

ಟ್ರಂಪೆಟ್ ನಾಲ್ಕು ಯಾಕೆಂದರೆ ಅವರು ಎರಡು ಜೋಡಿಯಾಗಿ ಸರದಿ ಹಾಕಿಕೊಳ್ಳಬೇಕು. ಮೊದಲ ಜೋಡಿ ಕರೆ ಕೊಡುವಾಗ ಎರಡನೆಯದು ತುಟಿ ಇಳಿಸಿ ಉಸಿರಾಡುತ್ತದೆ. ಮೂರೇ ಜನರಿದ್ದರೆ ಈ ಸರದಿ ಕೂಡುವುದಿಲ್ಲ, ಇಬ್ಬರು ದಣಿದು ಮೂರನೆಯವರ ಮೇಲೆ ಬಿಡುತ್ತಾರೆ. ಟೆನರ್ ಸ್ಯಾಕ್ಸ್ ಧಾಟಿಯನ್ನು ಒಂದು ಸ್ಥಾಯಿ ಕೆಳಗೆ ನುಡಿಸುತ್ತದೆ, ಗಂಡಸರ ಕಂಠ ಇರುವುದೇ ಅಲ್ಲಿ. ಅದಿಲ್ಲದಿದ್ದರೆ ಗ್ಯಾಲರಿಯ ಗಂಡಸರು ಟ್ರಂಪೆಟ್ಟಿನ ಎತ್ತರ ಹಿಡಿಯಲು ಹೋಗಿ ಎರಡೇ ಸುತ್ತಿಗೆ ಬಿಟ್ಟುಬಿಡುತ್ತಾರೆ.

ಶ್ರುತಿ

ಷಡ್ಜವನ್ನು (ಸ) ಬಿ ಫ್ಲ್ಯಾಟ್‌ನಲ್ಲಿ, ಅಂದರೆ ಹಾರ್ಮೋನಿಯಂನ ಕಪ್ಪು ಐದರಲ್ಲಿ ಇಟ್ಟುಕೊಳ್ಳಿ. ಟ್ರಂಪೆಟ್, ಟೆನರ್ ಸ್ಯಾಕ್ಸ್ ಎರಡೂ ಬಿ ಫ್ಲ್ಯಾಟ್ ವಾದ್ಯಗಳು, ಅವುಗಳ ಸ್ವರಲಿಪಿಯ ಹಾಳೆಯಲ್ಲಿ ಈ ಷಡ್ಜ ಸಿ ಆಗಿ ಬರುತ್ತದೆ. ಆಲ್ಟೊ ಸ್ಯಾಕ್ಸ್ ಇ ಫ್ಲ್ಯಾಟ್ ವಾದ್ಯ, ಅದಕ್ಕೆ ಜಿ ಎಂದು ಬರೆದುಕೊಡಬೇಕು. ಟ್ರಾಂಬೋನಿಗೆ ಇದ್ದದ್ದನ್ನು ಇದ್ದಂತೆ ಬಿ ಫ್ಲ್ಯಾಟ್ ಎಂದೇ ಬರೆಯಬೇಕು. ಯುಫೋನಿಯಂ ನುಡಿಸುವವರನ್ನು ಮಾತ್ರ ಮೊದಲೇ ಕೇಳಿಕೊಳ್ಳಿ. ಕೆಲವರು ಬೇಸ್ ಕ್ಲೆಫ್ (ತಗ್ಗು ಸ್ವರಗಳ ಲಿಪಿ) ಓದುತ್ತಾರೆ, ಕೆಲವರು ಟ್ರಂಪೆಟ್ಟಿನ ಹಾಗೆ ಟ್ರೆಬಲ್ ಕ್ಲೆಫ್ (ಎತ್ತರದ ಸ್ವರಗಳ ಲಿಪಿ) ಓದುತ್ತಾರೆ, ಹಾಳೆ ಅದಲುಬದಲಾದರೆ ಮೊದಲ ಅಭ್ಯಾಸ ಪೂರ್ತಿ ಹಾಳು.

ಇದೇ ಶ್ರುತಿ ಯಾಕೆಂದರೆ ಇಲ್ಲಿ ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮ, ಷಡ್ಜ, ಗಾಂಧಾರ ಮೂರೂ ಟ್ರಂಪೆಟ್‌ನಲ್ಲಿ ಒಂದೂ ವಾಲ್ವ್ (ಬೆರಳಿನ ಗುಂಡಿ) ಒತ್ತದೆ ಬರುತ್ತವೆ. ಬೆವರಿನ ಕೈ, ಸಿಕ್ಕಿಕೊಂಡ ವಾಲ್ವ್ ಯಾವುದಿದ್ದರೂ ಕರೆಯ ಮುಖ್ಯ ಸ್ವರಗಳು ತಪ್ಪುವುದಿಲ್ಲ. ಧಾಟಿ ಮಂದ್ರ ಪಂಚಮದಿಂದ ಮೇಲಿನ ಗಾಂಧಾರದೊಳಗೇ ಇದ್ದರೆ ಜನರ ಕಂಠಕ್ಕೂ ಹಿತ. ಷಡ್ಜದಿಂದ ತಾರ (ಮೇಲಿನ ಸ್ಥಾಯಿಯ) ಷಡ್ಜದವರೆಗೆ ಓಡುವ ಧಾಟಿಯಾದರೆ ಕಪ್ಪು ಎರಡು, ಅಂದರೆ ಇ ಫ್ಲ್ಯಾಟ್ ಒಗ್ಗುತ್ತದೆ. ತಾರ ಷಡ್ಜವನ್ನೂ ದಾಟಿ ಹೋಗುವ ಧಾಟಿಯನ್ನು ಗ್ಯಾಲರಿಗೆ ತರಲೇಬೇಡಿ. ಇನ್ನೊಂದು ಮಾತು: 2010ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಲೋಕಕ್ಕೆಲ್ಲ ಕೇಳಿಸಿದ ವುವುಝೆಲಾ ಎಂಬ ಪ್ಲಾಸ್ಟಿಕ್ ಕಹಳೆಯ ಸ್ವರವೂ ಬಿ ಫ್ಲ್ಯಾಟಿನ ಆಸುಪಾಸಿನದೇ. ಪಕ್ಕದಲ್ಲಿ ಯಾರಾದರೂ ಅದನ್ನು ಊದುತ್ತಿದ್ದರೆ ಅದು ನಿಮ್ಮ ಷಡ್ಜದ ಮೇಲೇ ಕೂರುತ್ತದೆ, ಕಿರಿಕಿರಿ ಕಡಿಮೆ.

ಶ್ರುತಿ ಸೇರಿಸುವುದನ್ನು ಮೈದಾನದಲ್ಲೇ, ಐದು ನಿಮಿಷ ಊದಿ ವಾದ್ಯ ಬೆಚ್ಚಗಾದ ಮೇಲೆ ಮಾಡಿ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸ್ವರ ಸುಮಾರು 3 ಸೆಂಟ್ ಏರುತ್ತದೆ, ನೂರು ಸೆಂಟ್ ಸೇರಿದರೆ ಅರ್ಧ ಸ್ವರ. ಬೆಳಿಗ್ಗೆ ನೆರಳಲ್ಲಿ ಸೇರಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಉಳಿಯುವುದಿಲ್ಲ. ಟ್ರಂಪೆಟ್ಟಿನ ಮುಖ್ಯ ಸ್ಲೈಡನ್ನು (ಜಾರಿಸುವ ಕೊಳವೆಯನ್ನು) ಒಂದು ಸೆಂಟಿಮೀಟರ್ ಎಳೆದರೆ ಕೊಳವೆ ಎರಡು ಸೆಂಟಿಮೀಟರ್ ಉದ್ದವಾಗಿ ಸುಮಾರು 23 ಸೆಂಟ್ ಇಳಿಯುತ್ತದೆ. ಇದನ್ನು ತಿಳಿದವರು ಅಂದಾಜಿನಲ್ಲೇ ಸರಿಮಾಡಿಕೊಳ್ಳಬಹುದು. ಯುಫೋನಿಯಂನ ಕೊಳವೆ ದೊಡ್ಡದು, ಉಸಿರಿನ ಶಾಖ ಅದನ್ನು ತುಂಬಲು ಹೊತ್ತು ಹಿಡಿಯುತ್ತದೆ. ಹೊರಗಿನ ಹವೆಗೆ ಅದರ ಸ್ವರ ಹೆಚ್ಚು ಅಲುಗುವುದು ಅದಕ್ಕೇ. ಆದ್ದರಿಂದ ಯುಫೋನಿಯಂನ ಷಡ್ಜಕ್ಕೆ ಉಳಿದವರು ಸೇರಿಸಿಕೊಳ್ಳಲಿ.

ತಾಳ

ತಂಬೂರಿ, ಮೃದಂಗದ ಪರಿಚಯ ಇದ್ದವರಿಗೆ ಇದು ತಿಶ್ರ ನಡೆ: ತಕಿಟ ತಕಿಟ. ಈ ಆರು ಮಾತ್ರೆಯ ಒಂದು ಸುತ್ತನ್ನು ಮುಂದೆ ಆವರ್ತ ಎಂದು ಕರೆಯೋಣ. ಬಿಗ್ ಡ್ರಮ್ 1 ಮತ್ತು 4ನೇ ಮಾತ್ರೆಗೆ ಬೀಳಬೇಕು. ವೇಗ ನಿಮಿಷಕ್ಕೆ 126 ಪೆಟ್ಟು, ಅಂದರೆ 63 ಆವರ್ತ. ಸೈಡ್ ಡ್ರಮ್ ಆರೂ ಮಾತ್ರೆಯನ್ನು ಮೆಲ್ಲಗೆ ತುಂಬುತ್ತ 3 ಮತ್ತು 6ನೆಯದಕ್ಕೆ ಒತ್ತು ಕೊಡಲಿ, ಮುಂದಿನ ಪೆಟ್ಟಿನ ಕಡೆ ತಳ್ಳುವ ಕುಣಿತ ಬರುವುದು ಆ ಒತ್ತಿನಿಂದಲೇ. ನಾಲ್ಕು ಆವರ್ತಕ್ಕೊಮ್ಮೆ, ನಾಲ್ಕನೆಯದರಲ್ಲಿ, ಒತ್ತು 1, 3, 5ಕ್ಕೆ ಬದಲಾಗಲಿ: ತಕ ತಕ ತಕ. ಬಿಗ್ ಡ್ರಮ್ ಮಾತ್ರ ತಕಿಟ ತಕಿಟವನ್ನೇ ಹಿಡಿದಿರಬೇಕು. ಎರಡು ಎಣಿಕೆ ಒಂದರ ಮೇಲೊಂದು ಬಿದ್ದಾಗ ಹುಟ್ಟುವ ಎಳೆದಾಟವೇ ಬೈಲಾದ ಜೀವ. ಸಿಂಬಲ್ ಅನ್ನು ಎಲ್ಲರೂ ಕೂಡಿ ನುಡಿಸುವ ಭಾಗಕ್ಕೆ ಮೀಸಲಿಡಿ.

ಮೊದಲ ವಾರ ವಾದ್ಯ ಮುಟ್ಟಬೇಡಿ. ಹನ್ನೆರಡು ಜನರೂ ನಿಂತು ಬಾಯಲ್ಲಿ ತಕಿಟ ಹೇಳುತ್ತ ಕಾಲಿನಲ್ಲಿ 1–4, ಕೈಯಲ್ಲಿ 1–3–5 ಹಾಕಲಿ. ಇದು ಮೈಗೆ ಇಳಿಯದೆ ಟ್ರಂಪೆಟ್ ಎತ್ತಿಕೊಂಡವರು ಆರು ಮಾತ್ರೆಯನ್ನು ನಾಲ್ಕು ಮಾತ್ರೆಯ ಮಾರ್ಚ್ ಮಾಡಿಬಿಡುತ್ತಾರೆ. ಆಗ ಅದು ಪಪರೆ ಅಲ್ಲ, ಕವಾಯತು.

ಧಾಟಿ

ಹದಿನಾರು ಆವರ್ತದ ಒಂದು ಧಾಟಿ ಇಲ್ಲಿದೆ, ಶಂಕರಾಭರಣದ ಸ್ವರಗಳಲ್ಲಿ. ಪ, ದ, ನಿ ಮೂರೂ ಮಂದ್ರ ಸ್ಥಾಯಿಯವು, ಅಲ್ಪವಿರಾಮ ಒಂದು ಮಾತ್ರೆಯ ಎಳೆತ, ಅಡ್ಡಗೆರೆ (–) ಮೌನ, ನಿಂತ ಗೆರೆ (|) ಆವರ್ತದ ಕೊನೆ.

ಕರೆ, ಮೊದಲ ಜೋಡಿ:
ಪ , ಪ ಸ , ಸ | ಗ , ರಿ ಸ , , |
ಜನ, ಡ್ರಮ್ ಮಾತ್ರ: ಎರಡು ಆವರ್ತ
ಉತ್ತರ, ಎರಡನೇ ಜೋಡಿ:
ಪ , ಪ ನಿ , ನಿ | ರಿ , ಸ ನಿ , , |
ಜನ, ಡ್ರಮ್ ಮಾತ್ರ: ಎರಡು ಆವರ್ತ
ಎಲ್ಲರೂ:
ಗ ಗ ಗ ರಿ , ಸ | ರಿ ರಿ ರಿ ಸ , ನಿ | ಸ ಸ ಸ ನಿ , ದ | ಪ , , , , , |
ಗ , ರಿ , ಸ , | ರಿ , ಸ , ನಿ , | ಸ , , ಸ , , | ಸ , , – – – |

ಕೊನೆಯ ಸಾಲಿನ ಮೊದಲ ಎರಡು ಆವರ್ತ ಗಮನಿಸಿ. ಧಾಟಿಯೇ ತಕ ತಕ ತಕಕ್ಕೆ ತಿರುಗುತ್ತದೆ, ಬಿಗ್ ಡ್ರಮ್ ತಿರುಗುವುದಿಲ್ಲ. ತಂಡ ಒಡೆಯುವುದು ಬಹುಪಾಲು ಇಲ್ಲಿಯೇ. ಆ ಎರಡು ಆವರ್ತವನ್ನು ಡ್ರಮ್ಮಿನ ಜೊತೆ ಪ್ರತ್ಯೇಕವಾಗಿ, ನಿಮಿಷಕ್ಕೆ 80 ಪೆಟ್ಟಿನಲ್ಲಿ ಶುರುಮಾಡಿ 126ಕ್ಕೆ ಏರಿಸುತ್ತ ತಿದ್ದಿ.

ಜನರ ಪಾಲಿನ ಎರಡು ಆವರ್ತದಲ್ಲಿ ಕೂಗು 1, 4, ಮತ್ತೆ 1 ಎಂದು ಮೂರು ಕಡೆ ಬೀಳಲಿ. ಆಟಗಾರನ ಹೆಸರೋ ಊರಿನ ಹೆಸರೋ ಮೂರು ಅಕ್ಷರದ್ದಾದರೆ ಸರಿಯಾಗಿ ಕೂರುತ್ತದೆ. ಮೊದಲ ಸಲ ಯಾರೂ ಕೂಗುವುದಿಲ್ಲ. ಸಿಂಬಲ್‌ನವರೂ ಆಗ ಊದದೇ ಇರುವ ಜೋಡಿಯೂ ಕೂಗಿ ತೋರಿಸಬೇಕು. ಎರಡನೇ ಸಲಕ್ಕೆ ಹತ್ತಿರದ ಎರಡು ಸಾಲು, ಮೂರನೆಯದಕ್ಕೆ ಇಡೀ ಸ್ಟ್ಯಾಂಡು. ಮೌನ ಬಂತೆಂದು ಗಾಬರಿಯಾಗಿ ಆ ಜಾಗವನ್ನು ಟ್ರಂಪೆಟ್ಟಿನಿಂದ ತುಂಬಿದಿರೋ, ಆ ದಿನ ಜನ ಬಾಯಿಬಿಡುವುದಿಲ್ಲ.

ಎರಡನೇ ದನಿ ಬರೆಯುವಾಗ ಎಲ್ಲ ಸ್ವರಕ್ಕೂ ಕಣ್ಣುಮುಚ್ಚಿ ಮೂರನೇ ಸ್ವರ ಕೆಳಗೆ ಹಾಕುವ ಅಭ್ಯಾಸ ಹಲವರಿಗಿದೆ. ಗಾಂಧಾರದ ಕೆಳಗೆ ಷಡ್ಜ ಸರಿ, ರಿಷಭದ ಕೆಳಗೆ ನಿಷಾದ ಸರಿ. ಷಡ್ಜದ ಕೆಳಗೆ ಅದೇ ಲೆಕ್ಕದಲ್ಲಿ ಧೈವತ ಬಂದರೆ ಯುಫೋನಿಯಂ, ಟ್ರಾಂಬೋನು ಹಿಡಿದಿರುವ ಸ–ಗ–ಪದ ಜೊತೆ ಅದು ಕೂಡುವುದಿಲ್ಲ. ಅಲ್ಲಿ ಪಂಚಮ ಕೊಡಿ. ಧಾಟಿ ಮಂದ್ರ ಪಂಚಮಕ್ಕೆ ಇಳಿದಾಗ ಇಬ್ಬರೂ ಅದೇ ಸ್ವರ ನುಡಿಸಲಿ, ಅದಕ್ಕಿಂತ ಕೆಳಗಿನ ಟ್ರಂಪೆಟ್ ಬಯಲಲ್ಲಿ ಕೇಳಿಸುವುದೇ ಇಲ್ಲ.

ಯುಫೋನಿಯಂಗೆ ಕರೆಯಲ್ಲಿ ಸ–ಪ, ಉತ್ತರದಲ್ಲಿ ಪ–ರಿ, ಬಿಗ್ ಡ್ರಮ್ಮಿನ ಜೊತೆಗೇ 1 ಮತ್ತು 4ಕ್ಕೆ. ಟ್ರಾಂಬೋನಿನವರು 3 ಮತ್ತು 6ನೇ ಮಾತ್ರೆಗೆ ಗಿಡ್ಡವಾಗಿ ಚುಚ್ಚಲಿ. ಕರೆಯಲ್ಲಿ ಸ–ಗ ಜೋಡಿ, ಉತ್ತರದಲ್ಲಿ ನಿ–ರಿ. ಎಲ್ಲರೂ ಕೂಡುವ ಭಾಗದ ಮೊದಲ ಸಾಲಿನ ಮೂರನೇ ಆವರ್ತದಲ್ಲಿ ಸ–ಮ. ಈ ಐದು ಸ್ವರಗಳೂ ಟ್ರಾಂಬೋನ್ ಸ್ಲೈಡಿನ ಮೊದಲ ಮೂರು ಸ್ಥಾನಗಳಲ್ಲೇ ಸಿಗುತ್ತವೆ, ಸ್ಲೈಡ್ ಸುಮಾರು ಒಂದು ಗೇಣಿಗಿಂತ ಮುಂದೆ ಚಾಚುವುದಿಲ್ಲ. ಮುಂದಿನ ಸಾಲಿನವರ ಬೆನ್ನಿಗೆ ತಾಗದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೂ ಟ್ರಾಂಬೋನಿನವರನ್ನು ಮೆಟ್ಟಿಲ ಪಕ್ಕದ ಕುರ್ಚಿಗೇ ಹಾಕಿ.

ಸಿನಿಮಾ ಹಾಡಿನ ಧಾಟಿ ತೆಗೆದುಕೊಳ್ಳುವುದಾದರೆ ಪಲ್ಲವಿಯ ಮೊದಲ ಸಾಲು ಸಾಕು, ಅದನ್ನು ಎರಡು ಆವರ್ತಕ್ಕೆ ಮುರಿದು ನಡುವೆ ಜಾಗ ಬಿಡಿ. ಸಾರ್ವಜನಿಕವಾಗಿ ನುಡಿಸಲು ಬೇಕಾದ ಪರವಾನಗಿಯನ್ನು ಹಾಡುಗಳ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಸಂಸ್ಥೆ ಐಪಿಆರ್‌ಎಸ್‌ನಿಂದ ಆಯೋಜಕರು ಪಡೆದಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ.

ಯಾವಾಗ ಊದಬೇಕು

ಫುಟ್‌ಬಾಲ್ ಗ್ಯಾಲರಿಯ ಬ್ಯಾಂಡು ಆಟ ನಡೆಯುತ್ತಿರುವಾಗಲೇ ನುಡಿಸುತ್ತದೆ. ನೆದರ್‌ಲ್ಯಾಂಡ್ಸಿನ ಸ್ಕೇಟಿಂಗ್ ಅಂಗಳಗಳಲ್ಲಿ ಮಂಜುಗಡ್ಡೆಯನ್ನು ಒರೆಸುವ ಬಿಡುವಿನಲ್ಲಿ ನುಡಿಸುವ ಬ್ಯಾಂಡುಗಳಿವೆ. ಕ್ರಿಕೆಟ್ಟಿನ ಬಿಡುವು ಚೂರುಚೂರು, ಆದ್ದರಿಂದ ಗಡಿಯಾರ ಗೊತ್ತಿರಬೇಕು. ಮೇಲಿನ ಹದಿನಾರು ಆವರ್ತ ಮುಗಿಯಲು ಸುಮಾರು 15 ಸೆಕೆಂಡು. ವೇಗದ ಬೌಲರ್ ಓಟದ ತುದಿಗೆ ನಡೆದು ಹೋಗುವಷ್ಟರಲ್ಲಿ ಒಂದು ಸಲ ಮುಗಿಯುತ್ತದೆ. ಸ್ಪಿನ್ನರ್ ಆದರೆ ಕರೆ, ಉತ್ತರದ ಎಂಟು ಆವರ್ತ ಮಾತ್ರ. ಅಂತರರಾಷ್ಟ್ರೀಯ ಏಕದಿನ, ಟಿ20 ಪಂದ್ಯಗಳಲ್ಲಿ ಓವರ್ ಮುಗಿದ ಮೇಲೆ ಮುಂದಿನದನ್ನು 60 ಸೆಕೆಂಡಿನೊಳಗೆ ಶುರುಮಾಡಬೇಕೆಂಬ ನಿಯಮವಿದೆ, ಅಲ್ಲಿ ಎರಡು ಸಲ ನುಡಿಸಿ 30 ಸೆಕೆಂಡಿಗೆ ನಿಲ್ಲಿಸಿದರೆ ಜನರ ಚಪ್ಪಾಳೆಗೂ ಹೊತ್ತು ಉಳಿಯುತ್ತದೆ. ಬೌಂಡರಿಗೆ ಬರೀ ಕರೆ, ಜೊತೆಗೆ ಕೂಗು: ನಾಲ್ಕು ಆವರ್ತ, ನಾಲ್ಕು ಸೆಕೆಂಡು. ವಿಕೆಟ್ ಬಿದ್ದರೆ ಎಲ್ಲರೂ ಕೂಡುವ ಭಾಗದಿಂದಲೇ ಶುರು, ಮೂರು ಸುತ್ತು.

ಬೌಲರ್ ಓಡಲು ತಿರುಗಿದ ಕೂಡಲೇ ನಿಲ್ಲಿಸುವುದು ಬ್ಯಾಂಡ್ ಮಾಸ್ಟರ್ ಕೆಲಸ. ಮುಷ್ಟಿ ಎತ್ತಿದರೆ ಆ ಆವರ್ತದ ಕೊನೆಗೆ ಎಲ್ಲರೂ ಷಡ್ಜಕ್ಕೆ ಇಳಿದು ನಿಲ್ಲುವುದನ್ನು ಅಭ್ಯಾಸದಲ್ಲಿ ಪ್ರತಿದಿನ ಮಾಡಿಸಿ, ಎಲ್ಲಿಂದ ಬೇಕಾದರೂ. ಮಾಸ್ಟರ್ ಆಟ ಬಲ್ಲವರಾಗಿರಬೇಕು. ಧ್ವನಿವರ್ಧಕದಲ್ಲಿ ಬರುವ ಮುದ್ರಿತ ಕಹಳೆಗೆ ಆಟ ತಿಳಿಯದು, ಕ್ಯಾಚ್ ಎತ್ತರಕ್ಕೆ ಹೋದಾಗ ಉಸಿರು ಹಿಡಿದು ಕಾಯಲು ಜೀವಂತ ಬ್ಯಾಂಡೇ ಬೇಕು.

ಗ್ಯಾಲರಿಯಲ್ಲಿ ಕೆಡುವುದೆಲ್ಲಿ

ಚಪ್ಪಾಳೆಯನ್ನು ಹಿಂಬಾಲಿಸುವುದು ದೊಡ್ಡ ತಪ್ಪು. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ನಮ್ಮ ವೇಗದಲ್ಲಿ ಒಂದು ಮಾತ್ರೆ 0.16 ಸೆಕೆಂಡು. ಅಂದರೆ 55 ಮೀಟರ್ ಆಚೆ ಕೂತವರಿಗೆ ನಿಮ್ಮ ಪೆಟ್ಟು ಒಂದು ಮಾತ್ರೆ ತಡವಾಗಿ ಕೇಳುತ್ತದೆ. ಅವರ ಚಪ್ಪಾಳೆ ನಿಮ್ಮ ಕಿವಿಗೆ ಮರಳುವಾಗ ಎರಡು ಮಾತ್ರೆ ತಡ. ಅದಕ್ಕೆ ಹೊಂದಿಸಲು ಹೋದರೆ ತಾಳ ಎಳೆದು ಎಳೆದು ಕುಸಿಯುತ್ತದೆ. ಎಲ್ಲರ ಕಿವಿ ಬಿಗ್ ಡ್ರಮ್ಮಿನ ಮೇಲೆ, ಕಣ್ಣು ಮಾಸ್ಟರ್ ಕೈ ಮೇಲೆ. ಇದಕ್ಕಾಗಿಯೇ ತಂಡ ಎರಡು ಸಾಲಿನಲ್ಲಿ, ನಾಲ್ಕು ಮೀಟರ್ ಅಗಲದೊಳಗೆ ಒತ್ತಾಗಿ ನಿಲ್ಲಬೇಕು. ಬಿಗ್ ಡ್ರಮ್ ಹಿಂದಿನ ಸಾಲಿನ ನಡುವೆ, ಯುಫೋನಿಯಂ ಅದರ ಪಕ್ಕ.

ಇದರ ಎದುರಿನ ರೋಗ ವೇಗ ಏರುವುದು. ರೋಮಾಂಚನವಾದಾಗ 126 ಇದ್ದದ್ದು 145 ಆಗುತ್ತದೆ, ಧಾಟಿಯ ಗ ಗ ಗ ಒಂದೇ ಮುದ್ದೆಯಾಗುತ್ತದೆ. ಓಡಿಸುವವರು ಸಾಮಾನ್ಯವಾಗಿ ಸೈಡ್ ಡ್ರಮ್‌ನವರು. ಅವರ 3–6ರ ಒತ್ತು ಮುಂದಕ್ಕೆ ಜಾರುತ್ತ ಹೋಗುತ್ತದೆ. ಎರಡು ಸುತ್ತು ಒತ್ತು ಬಿಟ್ಟು ಬರೀ ಮೆಲ್ಲಗೆ ತುಂಬಿಸಲು ಹೇಳಿದರೆ ತಾನೇ ಇಳಿಯುತ್ತದೆ.

ಮೂರನೆಯದು ಮೊದಲ ಓವರಿನಲ್ಲೇ ಪೂರ್ತಿ ಶಕ್ತಿ ಹಾಕುವುದು. ಟಿ20 ಇನಿಂಗ್ಸ್ ಎಂದರೆ ಹತ್ತಿರಹತ್ತಿರ ಒಂದೂವರೆ ಗಂಟೆ. ಊದಿದಷ್ಟೇ ಹೊತ್ತು ವಿಶ್ರಾಂತಿ ಎಂಬುದು ಹಿತ್ತಾಳೆ ವಾದ್ಯದವರ ಹಳೆಯ ನಿಯಮ, ಇಲ್ಲಿ ಅದನ್ನು ಮೀರಬೇಡಿ. ಮೌತ್‌ಪೀಸನ್ನು ತುಟಿಗೆ ಒತ್ತಿ ಎತ್ತರದ ಸ್ವರ ತೆಗೆದರೆ ರಕ್ತಸಂಚಾರ ನಿಂತು ತುಟಿ ಊದಿಕೊಳ್ಳುತ್ತದೆ. ಮೊದಲ ಲಕ್ಷಣ, ಮಂದ್ರ ಪಂಚಮ ಗಾಳಿಗಾಳಿಯಾಗಿ ಬರುವುದು, ಸ್ವರದ ಆರಂಭ ತಪ್ಪುವುದು. ಅದು ಕಂಡವರು ಆ ಕ್ಷಣವೇ ವಾದ್ಯ ಇಳಿಸಿ ಮೂರು ಓವರ್ ಕೂಗುವವರ ಕಡೆ ಸೇರಿಕೊಳ್ಳಲಿ. ಹಟ ಹಿಡಿದು ಊದಿದರೆ ಮರುದಿನವೂ ಸ್ವರ ಹುಟ್ಟುವುದಿಲ್ಲ. ಕುಡಿಯಲು ನೀರು ಮಾತ್ರ, ತಂಪು ಪಾನೀಯದ ಸಕ್ಕರೆ ಉಸಿರಿನ ಜೊತೆ ಒಳಗೆ ಹೋಗಿ ವಾಲ್ವನ್ನು ಅಂಟಿಸುತ್ತದೆ. ವಾಲ್ವ್ ಆಯಿಲ್ ಪಂದ್ಯಕ್ಕೆ ಮೊದಲೂ ಇನಿಂಗ್ಸ್ ಬಿಡುವಿನಲ್ಲೂ ಎರಡೆರಡು ಹನಿ.

ಟ್ರಂಪೆಟ್ಟಿನ ಬಾಯಿ ಯಾರ ಕಿವಿಯ ಮಟ್ಟಕ್ಕೂ ಇರಬಾರದು, ಮುಂದಿನ ಸಾಲಿನವರ ತಲೆಯ ಮೇಲಿಂದ ಹಾಯುವಂತೆ ಎತ್ತಿ ಹಿಡಿಯಿರಿ. ತಂಡದವರಿಗೆ, ಮುಖ್ಯವಾಗಿ ಡ್ರಮ್ಮಿನವರಿಗೆ ಮತ್ತು ಟ್ರಂಪೆಟ್ಟಿನ ಮುಂದೆ ನಿಲ್ಲುವವರಿಗೆ, ಕಿವಿಯ ಫೋಮ್ ಬಿರಡೆ ಕಡ್ಡಾಯ. ಪಕ್ಕದಲ್ಲಿ ಪುಟ್ಟ ಮಕ್ಕಳಿದ್ದರೆ ಜಾಗ ಬದಲಿಸಿ.

ಅನುಮತಿ

ದೊಡ್ಡ ಮೈದಾನಗಳಲ್ಲಿ ವಾದ್ಯ ಒಯ್ಯಲು ಟಿಕೆಟ್ ಇದ್ದರೆ ಸಾಲದು. 2006ರ ನವೆಂಬರಿನಲ್ಲಿ ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಇಂಗ್ಲೆಂಡ್ ಅಭಿಮಾನಿಗಳ ಬಾರ್ಮಿ ಆರ್ಮಿಯ ಟ್ರಂಪೆಟ್ ವಾದಕ ಬಿಲ್ಲಿ ಕೂಪರ್ ಅವರನ್ನು ಟ್ರಂಪೆಟ್ ಊದಿದ್ದಕ್ಕೆ ಹೊರಗೆ ಕಳಿಸಲಾಯಿತು. 2007ರ ವಿಶ್ವಕಪ್ಪಿನಲ್ಲಿ, ಶಂಖ, ಡ್ರಮ್ಮುಗಳಿಗೆ ಹೆಸರಾದ ಕೆರಿಬಿಯನ್ ಮೈದಾನಗಳಲ್ಲೇ ವಾದ್ಯಕ್ಕೆ ಮುಂಚಿತ ಅನುಮತಿ ಬೇಕೆಂದಾಗ ಜನ ಬಹಳ ನೊಂದುಕೊಂಡರು. ಹಾಗಾಗಿ ಆಯೋಜಕರಿಗೆ ವಾದ್ಯಗಳ ಪಟ್ಟಿ, ಎಣಿಕೆ, ತಂಡದವರ ಹೆಸರು, ಬೇಕಾದ ಸ್ಟ್ಯಾಂಡು ಇಷ್ಟನ್ನೂ ಬರೆದುಕೊಟ್ಟು, ಒಪ್ಪಿಗೆಯನ್ನು ಕಾಗದದ ಮೇಲೆ ಪಡೆದು, ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಪ್ರತಿ ಇರಿಸಿ. ಗೇಟಿನಲ್ಲಿ ಡ್ರಮ್ಮಿನ ಒಳಗೆ ನೋಡಬೇಕೆನ್ನುತ್ತಾರೆ, ಸೈಡ್ ಡ್ರಮ್ಮಿನ ಕೀಲಿ ಕೈಯಲ್ಲೇ ಇರಲಿ.

ಮೊದಲ ಸಲ ದೊಡ್ಡ ಮೈದಾನಕ್ಕೆ ಕೈಹಾಕದೆ ಕಾಲೇಜು ಪಂದ್ಯವೋ ತಾಲ್ಲೂಕಿನ ಟೆನಿಸ್ ಬಾಲ್ ಟೂರ್ನಿಯೋ ನೋಡಿಕೊಳ್ಳಿ. ಮೂರು ಧಾಟಿ ಸಾಕು: ಒಂದು ಮೇಲಿನದು, ಒಂದು ಇದಕ್ಕಿಂತ ನಿಧಾನದ್ದು, ಇನ್ನೊಂದು ಎದುರಾಳಿ ತಂಡದವರು ಅರ್ಧ ಶತಕವನ್ನೋ ಒಳ್ಳೆಯ ಕ್ಯಾಚನ್ನೋ ಸಾಧಿಸಿದಾಗ ನುಡಿಸಲು. ಈ ಮೂರನೆಯದಕ್ಕೆ ಅವರ ಊರಿನ ಕಡೆಯ ಧಾಟಿ ಒಂದನ್ನು ಹುಡುಕಿ ಕಲಿತಿಟ್ಟುಕೊಳ್ಳಿ, ಅದರಲ್ಲೂ ಜನರಿಗೆ ಬಿಡುವ ಎರಡು ಆವರ್ತ ಹಾಗೆಯೇ ಇರಲಿ.